ಕನ್ನಂಬಾಡಿಯ ನಲವತ್ತು ಅಡಿ ಚಿತ್ರ ಮತ್ತು ಎಂಟು ಜಿಬಿ ಲ್ಯಾಪ್‌ಟಾಪ್

ದೊಡ್ಡ ಬ್ಯಾನರ್‌ಗೆ ಫೈಲ್ ಮಾಡುವಾಗ ಮೆಮೊರಿ ಸಾಲದೆ ಕಂಪ್ಯೂಟರ್ ನಿಂತುಹೋಗುತ್ತಿದೆ ಅಂತ ಒದ್ದಾಡುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ಕೆಲಸ ಮೊನ್ನೆಯಷ್ಟೇ ಮುಗಿಯಿತು. ಒಂದೇ ಒಂದು ಫೈಲ್‌ಗಾಗಿ ಮಂಡ್ಯಕ್ಕೂ ಮೈಸೂರಿಗೂ ಓಡಾಡಿದ್ದಾಯಿತು, ನಿದ್ದೆ ಕೆಟ್ಟಿತು, ದುಡ್ಡೂ ಖರ್ಚಾಯಿತು. ಯಾರಾದರೂ ಮೊದಲೇ ಹತ್ತು ನಿಮಿಷ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟಿದ್ದರೆ ಇದರಲ್ಲಿ ಮುಕ್ಕಾಲು ಭಾಗ ಬೇಕಾಗುತ್ತಲೇ ಇರಲಿಲ್ಲ. ಆ ಲೆಕ್ಕ ಇಲ್ಲಿದೆ.

ನಮ್ಮೂರಿನ ಶಾಲೆಯಲ್ಲಿ ರಾಜ್ಯೋತ್ಸವಕ್ಕೆ ವೇದಿಕೆ ಹಿಂದೆ ಕನ್ನಂಬಾಡಿ ಕಟ್ಟೆಯ ಚಿತ್ರ ಹಾಕಬೇಕು ಅಂತ ತೀರ್ಮಾನವಾಯಿತು. ಮಂಡ್ಯ ಜಿಲ್ಲೆಯಲ್ಲಿ ಇದಕ್ಕಿಂತ ಬೇರೆ ಯಾವ ಚಿತ್ರ ಹಾಕುತ್ತೀರಿ ಹೇಳಿ! ಮಳೆಗಾಲ ಬಂತು ಅಂದರೆ ಕಟ್ಟೆ ತುಂಬುವ ಮಟ್ಟವಾದ 124.80 ಅಡಿ ಮುಟ್ಟಿತಾ ಅಂತ ಮನೆಮನೆಯಲ್ಲೂ ಕೇಳುತ್ತಾರೆ. ಕಟ್ಟೆಯ ಉದ್ದವೇ 8,600 ಅಡಿ, ಹಾಗಾಗಿ ಚಿತ್ರವೂ ಉದ್ದಕ್ಕೇ ಇರಬೇಕು ಅಂತ ಎಲ್ಲರ ಆಸೆ. ಅಳತೆ ನಲವತ್ತು ಅಡಿ ಉದ್ದ, ಹತ್ತು ಅಡಿ ಎತ್ತರ ಅಂತ ಗೊತ್ತುಮಾಡಿದರು. ನಾನು ಡಿಟಿಪಿ ಕೆಲಸ ಮಾಡುವವನಾದ್ದರಿಂದ ಫೈಲ್ ಮಾಡುವ ಜವಾಬ್ದಾರಿ ನನ್ನ ತಲೆಗೆ ಬಂತು. ಸಂತೋಷದಿಂದಲೇ ಒಪ್ಪಿಕೊಂಡೆ.

ಪ್ರಿಂಟ್ ಅಂಗಡಿಗೆ ಫೋನ್ ಮಾಡಿದೆ. "300 ಡಿಪಿಐ ಇರ್ಬೇಕು, ಒಂದೇ ಫೈಲ್ ಕೊಡಿ ಸಾರ್" ಅಂದರು. ಅಷ್ಟೇ ಮಾತು. ಡಿಪಿಐ ಅಂದರೆ ಒಂದು ಅಂಗುಲದಲ್ಲಿ ಎಷ್ಟು ಚುಕ್ಕಿ, ಅಂದರೆ ಪಿಕ್ಸೆಲ್, ಇರುತ್ತವೆ ಅನ್ನುವ ಲೆಕ್ಕ. ವಿಸಿಟಿಂಗ್ ಕಾರ್ಡಿಗೂ ಅವರು ಹೇಳುವುದು ಅದೇ 300, ಮದುವೆ ಪತ್ರಿಕೆಗೂ ಅದೇ 300.

ಫೋಟೊ ತೆಗೆದದ್ದು ಬೃಂದಾವನದ ಕಡೆಯಿಂದ, ಗೆಳೆಯನ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ. ಒಂದರ ಪಕ್ಕ ಒಂದು, ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವ ಹಾಗೆ, ಎರಡು ಸಾಲಿನಲ್ಲಿ. ಅವನ್ನು ಹುಗಿನ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಜೋಡಿಸಿದೆ. ಅಂಚು ಕತ್ತರಿಸಿದ ಮೇಲೆ ಸಿಕ್ಕಿದ್ದು 24,000 ಪಿಕ್ಸೆಲ್ ಅಗಲ, 6,000 ಪಿಕ್ಸೆಲ್ ಎತ್ತರದ ಒಂದು ಚಿತ್ರ. ಇಲ್ಲಿವರೆಗೆ ಯಾವ ತೊಂದರೆಯೂ ಆಗಲಿಲ್ಲ. ಲ್ಯಾಪ್‌ಟಾಪ್ ಸ್ವಲ್ಪ ಬಿಸಿಯಾಯಿತು, ಫ್ಯಾನ್ ಜೋರಾಗಿ ತಿರುಗಿತು, ಕೆಲಸ ಆಯಿತು. ಈ 24,000 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಫೋಟೊಶಾಪ್‌ನಲ್ಲಿ ನಲವತ್ತು ಅಡಿ, ಹತ್ತು ಅಡಿ, 300 ಡಿಪಿಐ ಅಂತ ಹೊಸ ಫೈಲ್ ತೆರೆದು, ಚಿತ್ರವನ್ನು ಅದರೊಳಗೆ ಹಾಕಿ ಹಿಗ್ಗಿಸಲು ಹೋದೆ. ಪಟ್ಟಿ ನಿಧಾನವಾಗಿ ಸರಿಯುತ್ತಾ ಅರ್ಧಕ್ಕೆ ಬಂದು ನಿಂತಿತು. ಮೌಸ್ ಅಲ್ಲಾಡುತ್ತಿಲ್ಲ. ಕಾದೆ. ಊಟ ಮುಗಿಸಿ ಬಂದು ನೋಡಿದರೆ 'ಸ್ಕ್ರ್ಯಾಚ್ ಡಿಸ್ಕ್ಸ್ ಆರ್ ಫುಲ್' ಅನ್ನುವ ಸಂದೇಶ, ಅಂದರೆ ಫೋಟೊಶಾಪ್ ತಾತ್ಕಾಲಿಕವಾಗಿ ಬಳಸುವ ಡಿಸ್ಕ್ ಜಾಗ ತುಂಬಿಹೋಗಿದೆ ಅಂತ. ಸಿ ಡ್ರೈವ್ ಕೆಂಪು ಬಣ್ಣಕ್ಕೆ ತಿರುಗಿತ್ತು. ನಲವತ್ತು ಜಿಬಿ ಖಾಲಿ ಇದ್ದ ಜಾಗ ಎಲ್ಲಿ ಹೋಯಿತು ಅಂತಲೇ ತಿಳಿಯಲಿಲ್ಲ. ಬಲವಂತವಾಗಿ ಮುಚ್ಚಿ, ರೀಸ್ಟಾರ್ಟ್ ಮಾಡಿ, ಮತ್ತೆ ಶುರು ಮಾಡಿದರೆ ಈ ಸಲ ಇನ್ನೂ ಬೇಗ ನಿಂತಿತು.

ಎರಡನೇ ಸಲ ಬೇಗ ನಿಂತಿದ್ದಕ್ಕೆ ಕಾರಣ ಇದೆ. ಫೋಟೊಶಾಪ್ ಅರ್ಧದಲ್ಲಿ ಸತ್ತರೆ ಅದು ಮಾಡಿಕೊಂಡಿದ್ದ ತಾತ್ಕಾಲಿಕ ಫೈಲ್ ಹಾಗೇ ಉಳಿದುಬಿಡಬಹುದು. ವಿಂಡೋಸ್‌ನ ಟೆಂಪ್ ಫೋಲ್ಡರ್‌ನಲ್ಲಿ 'ಫೋಟೊಶಾಪ್ ಟೆಂಪ್' ಅಂತ ಶುರುವಾಗುವ ಹೆಸರಿನ ಫೈಲ್‌ಗಳಿದ್ದರೆ, ಫೋಟೊಶಾಪ್ ಮುಚ್ಚಿ ಅಳಿಸಿ. ನನ್ನಲ್ಲಿ ಸಿ ಡ್ರೈವ್‌ನ ಖಾಲಿ ಜಾಗವನ್ನೆಲ್ಲ ಅವೇ ತಿಂದಿದ್ದವು. ಹಾಗೇ ಹೈಬರ್ನೇಟ್ ಬಳಸದವರು ಅದನ್ನು ಆಫ್ ಮಾಡಿದರೆ ಇನ್ನೂ ಕೆಲವು ಜಿಬಿ ಸಿಗುತ್ತದೆ.

ಈಗ ಲೆಕ್ಕ. ನಲವತ್ತು ಅಡಿ ಅಂದರೆ 480 ಅಂಗುಲ. 300ರಿಂದ ಗುಣಿಸಿದರೆ 1,44,000 ಪಿಕ್ಸೆಲ್. ಹತ್ತು ಅಡಿ ಅಂದರೆ 120 ಅಂಗುಲ, 36,000 ಪಿಕ್ಸೆಲ್. ಎರಡನ್ನೂ ಗುಣಿಸಿ: 518 ಕೋಟಿ ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್. ಅಲ್ಲಿಗೆ 15.5 ಜಿಬಿ. ಕ್ಯಾಮೆರಾದ ರಾ ಫೋಟೊದಿಂದ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ಬಂದ 16 ಬಿಟ್ ಚಿತ್ರವಾದರೆ, ಅಂದರೆ ಪ್ರತಿ ಬಣ್ಣಕ್ಕೆ ಒಂದರ ಬದಲು ಎರಡು ಬೈಟ್ ಆದರೆ, ಇದರ ಎರಡರಷ್ಟು, 31 ಜಿಬಿ. ಪ್ರಿಂಟ್‌ಗೆ ಸಿಎಂವೈಕೆ, ಅಂದರೆ ಶಾಯಿಯ ಬಣ್ಣಗಳ ಲೆಕ್ಕಕ್ಕೆ, ಮಾಡಿದರೆ ಮೂರರ ಬದಲು ನಾಲ್ಕು ಬಣ್ಣ. ಇದು ಒಂದೇ ಲೇಯರ್‌ನ, ಅಂದರೆ ಚಿತ್ರದ ಒಂದೇ ಪದರದ ಲೆಕ್ಕ. ಇನ್ನೊಂದು ಲೇಯರ್ ಹಾಕಿದರೆ, ಹಿಂದಕ್ಕೆ ಹೋಗಲು ಇಟ್ಟುಕೊಳ್ಳುವ ಹಿಸ್ಟರಿ ಸೇರಿದರೆ ಇನ್ನೂ ಜಾಸ್ತಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಎಂಟು ಜಿಬಿ ರ್‍ಯಾಮ್, ಅದರಲ್ಲೂ ವಿಂಡೋಸ್ ತನ್ನ ಪಾಲು ತೆಗೆದುಕೊಂಡು ಮಿಕ್ಕಿದ್ದು.

ನಮ್ಮ ಕಡೆಯವರಿಗೆ ಆಲೆಮನೆ ಗೊತ್ತು, ಅದರಲ್ಲೇ ಹೇಳುತ್ತೇನೆ. ಕಬ್ಬು ಎಷ್ಟು ಗಾಡಿ ಬೇಕಾದರೂ ಅಂಗಳದಲ್ಲಿ ರಾಶಿ ಹಾಕಬಹುದು, ಆದರೆ ಒಂದು ಸಲಕ್ಕೆ ಬೇಯುವುದು ಕೊಪ್ಪರಿಗೆಯಲ್ಲಿ ಹಿಡಿಸುವಷ್ಟು ಹಾಲು ಮಾತ್ರ. ಡಿಸ್ಕ್ ಅಂಗಳ, ರ್‍ಯಾಮ್ ಕೊಪ್ಪರಿಗೆ. ಕೊಪ್ಪರಿಗೆ ಸಾಲದಾದಾಗ ಫೋಟೊಶಾಪ್ ಮಿಕ್ಕಿದ್ದನ್ನು ಡಿಸ್ಕ್‌ಗೆ ಸುರಿದು, ಬೇಕಾದಾಗ ಮತ್ತೆ ಮೊಗೆದುಕೊಳ್ಳುತ್ತದೆ. ಅದಕ್ಕೇ ಅಷ್ಟು ನಿಧಾನ. ಅಂಗಳವೂ ತುಂಬಿದಾಗ ಕೆಲಸ ನಿಲ್ಲುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊಂದಲ ಮಾಡುತ್ತದೆ. ಡಿಸ್ಕ್‌ನಲ್ಲಿ ಜೆಪೆಗ್ ಫೈಲ್ ಎಷ್ಟು ಚಿಕ್ಕದಿದೆ ಅಂತ ನೋಡಿ ಲೆಕ್ಕ ಹಾಕಬೇಡಿ. ಅದು ಒತ್ತಿ ಮಡಿಚಿಟ್ಟ ಅಳತೆ. ತೆರೆದ ಕೂಡಲೇ ಅಗಲ, ಎತ್ತರ, ಬಣ್ಣದ ಬೈಟ್ ಗುಣಿಸಿದಷ್ಟು ಮೆಮೊರಿ ಬೇಕೇ ಬೇಕು. ನನ್ನ 24,000 ಪಿಕ್ಸೆಲ್ ಚಿತ್ರವನ್ನು ಜೆಪೆಗ್ ಮಾಡಿ ಎಷ್ಟೇ ಚಿಕ್ಕದಾಗಿಸಿದರೂ ತೆರೆದಾಗ 432 ಎಂಬಿ ಹಿಡಿಯುತ್ತದೆ.

ಆದರೆ ಅವತ್ತು ಈ ಲೆಕ್ಕವನ್ನು ಯಾರೂ ನನಗೆ ಹೇಳಲಿಲ್ಲ. ರಿಪೇರಿ ಅಂಗಡಿಯಲ್ಲಿ ವಿಚಾರಿಸಿದರೆ "ರ್‍ಯಾಮ್ ಹಾಕ್ಸಿ, ಸರಿ ಹೋಯ್ತದೆ" ಅಂದರು. ಎಷ್ಟು ಬೇಕು, ಯಾವ ಫೈಲ್‌ಗೆ ಅಂತ ಒಂದು ಮಾತೂ ಕೇಳಲಿಲ್ಲ. ಬೇಕಾದ ಗಾತ್ರದ್ದು ಅವರಲ್ಲಿ ಇರಲೂ ಇಲ್ಲ. ಮೈಸೂರಿಗೆ ಹೊರಟೆ.

ರ್‍ಯಾಮ್ ಹಾಕಿಸಲೇಬೇಕು ಅನ್ನುವವರು ಮನೆಯಲ್ಲೇ ಇದಿಷ್ಟು ನೋಡಿಕೊಂಡು ಹೊರಡಿ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ, ವೇಗ ಎಷ್ಟು ಅಂತ ಕಾಣುತ್ತದೆ. ಯಾವ ತಲೆಮಾರಿನದು ಅಂತಲೂ ತಿಳಿದಿರಲಿ, ಡಿಡಿಆರ್4 ಜಾಗಕ್ಕೆ ಡಿಡಿಆರ್5 ಕೂರುವುದಿಲ್ಲ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಸ್ಲಾಟೇ ಇರುವುದಿಲ್ಲ. ನನ್ನದರಲ್ಲಿ ಎಂಟು ಜಿಬಿ ಬೆಸುಗೆ, ಪಕ್ಕದಲ್ಲಿ ಒಂದು ಖಾಲಿ ಸ್ಲಾಟ್. ಅದಕ್ಕೆ 16 ಜಿಬಿ ಹಾಕಿಸಿದೆ, ಒಟ್ಟು 24 ಆಯಿತು. ಎರಡರ ಗಾತ್ರ ಬೇರೆಯಾದರೂ ಕೆಲಸ ಮಾಡುತ್ತದೆ. ವಾರಂಟಿ ಇನ್ನೂ ಇದ್ದವರು ಲ್ಯಾಪ್‌ಟಾಪ್ ಬಿಲ್ ತೆಗೆದುಕೊಂಡು ಹೋಗಿ, ಕವರ್ ಬಿಚ್ಚಿದರೆ ವಾರಂಟಿ ಹೋಗುತ್ತದಾ ಅಂತ ಮೊದಲೇ ಕೇಳಿ. ನಾನು ಬಿಲ್ ಹುಡುಕಲು ಅರ್ಧ ದಿನ ಕಳೆದೆ, ಕೊನೆಗೆ ಇಮೇಲ್‌ನಲ್ಲಿ ಸಿಕ್ಕಿತು. ರ್‍ಯಾಮ್‌ಗೂ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ಅದರ ವಾರಂಟಿ ಬೇರೆ ಇರುತ್ತದೆ. ದರ ದಿನದಿನಕ್ಕೂ ಬದಲಾಗುತ್ತಿರುತ್ತದೆ, ನಾಲ್ಕು ಕಡೆ ವಿಚಾರಿಸಿ. ನನಗೆ ನಾಲ್ಕು ಸಾವಿರದ ಮೇಲೆ ಬಿತ್ತು. ಅಂಗಡಿಯ ಮುಂದೆ ಕಾದದ್ದೇ ಜಾಸ್ತಿ, ಹಾಕಲು ಹಿಡಿದದ್ದು ಸ್ವಲ್ಪ ಹೊತ್ತು.

ಮನೆಗೆ ಬಂದು ಬಹಳ ನಂಬಿಕೆಯಿಂದ ಕೂತೆ. ಚಿತ್ರವನ್ನು 8 ಬಿಟ್‌ಗೆ ಇಳಿಸಿದೆ. ಹಿಸ್ಟರಿಯನ್ನು ಐವತ್ತರಿಂದ ಐದಕ್ಕೆ ತಂದೆ. ಮೊದಲಿಗಿಂತ ದೂರ ಹೋಯಿತು, ನಿಜ. ಆದರೂ ಬಣ್ಣ ತಿದ್ದಲು ಇನ್ನೊಂದು ಲೇಯರ್ ಮಾಡಿದ ಕೂಡಲೇ ಮತ್ತೆ ಅದೇ ಸಂದೇಶ. ಆ ರಾತ್ರಿ ನಿಜಕ್ಕೂ ಅಳು ಬರುವಷ್ಟು ಬೇಸರವಾಯಿತು. ರಾಜ್ಯೋತ್ಸವ ಹತ್ತಿರ ಬರುತ್ತಿದೆ, ಊರಿನವರ ದುಡ್ಡು, ನನ್ನ ಮೇಲಿನ ಭರವಸೆ. ಮಾರನೇ ದಿನ ಹೊರಗಿಂದ ಹಾಕುವ ಎಸ್‌ಎಸ್‌ಡಿ (ವೇಗವಾಗಿ ಓದಿ ಬರೆಯುವ ಡಿಸ್ಕ್) ತಂದೆ, ಅದಕ್ಕೂ ರ್‍ಯಾಮ್‌ನಷ್ಟೇ ಖರ್ಚು. ಫೋಟೊಶಾಪ್‌ನ ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕ್ ಅದೇ ಅಂತ ಆರಿಸಿದೆ. ಆಗ ಕೆಲಸ ನಡೆಯಿತು. ಒಂದೊಂದು ಕ್ಲಿಕ್‌ಗೂ ನಿಮಿಷಗಟ್ಟಲೆ ಕಾಯಬೇಕಿತ್ತು, ಆದರೆ ನಡೆಯಿತು.

ಸೇವ್ ಮಾಡಲು ಹೋದಾಗ ಹೊಸ ತಲೆನೋವು. ಮೆಮೊರಿ ಇದ್ದರೂ ಫೈಲ್‌ನ ಜಾತಿಗೇ ಒಂದು ಮಿತಿ ಇರುತ್ತದೆ. ಫೋಟೊಶಾಪ್‌ನ ಮಾಮೂಲಿ ಪಿಎಸ್‌ಡಿಯಲ್ಲಿ ಒಂದು ಬದಿಗೆ 30,000 ಪಿಕ್ಸೆಲ್ ಮಾತ್ರ, ಗಾತ್ರ 2 ಜಿಬಿ. ಜೆಪೆಗ್ 65,535 ಪಿಕ್ಸೆಲ್ ದಾಟುವುದಿಲ್ಲ. ಸಾಮಾನ್ಯ ಟಿಫ್ 4 ಜಿಬಿಗೆ ನಿಲ್ಲುತ್ತದೆ. ನನ್ನ ಫೈಲ್ ಇದ್ಯಾವುದಕ್ಕೂ ಬಗ್ಗಲಿಲ್ಲ. ಉಳಿದದ್ದು ಫೋಟೊಶಾಪ್‌ನಲ್ಲೇ ದೊಡ್ಡ ಫೈಲ್‌ಗಳಿಗೆ ಅಂತ ಇರುವ ಪಿಎಸ್‌ಬಿ, ಅದು ಒಂದು ಬದಿಗೆ 3,00,000 ಪಿಕ್ಸೆಲ್‌ವರೆಗೂ ತಡೆಯುತ್ತದೆ. ಸೇವ್ ಒತ್ತಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದಾಗ ಫೈಲ್ ಇತ್ತು. ಪಿಎಸ್‌ಬಿ ಉಳಿಸುವಾಗ ಕಂಪ್ರೆಷನ್ ಬೇಡ ಅನ್ನುವ ಆಯ್ಕೆ ಪ್ರಿಫರೆನ್ಸಸ್‌ನಲ್ಲಿದೆ. ಜಾಗ ಜಾಸ್ತಿ ಹಿಡಿದರೂ ಬೇಗ ಸೇವ್ ಆಗುತ್ತದೆ, ಅವಸರದಲ್ಲಿರುವವರು ಅದನ್ನು ಹಾಕಿಕೊಳ್ಳಿ.

ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಫೈಲ್ ತುಂಬಾ ದೊಡ್ಡದು ಅಂತ ಬಂತು. 32 ಜಿಬಿ ಪೆನ್‌ಡ್ರೈವ್, ಪೂರ್ತಿ ಖಾಲಿ! ಕಾರಣ ಇಷ್ಟೇ, ಅದು ಫ್ಯಾಟ್32ನಲ್ಲಿ ಫಾರ್ಮ್ಯಾಟ್ ಆಗಿತ್ತು, ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದ ಮೇಲೆ ಹಿಡಿಯಿತು. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವುದೆಲ್ಲ ಹೋಗುತ್ತದೆ, ಮೊದಲು ಬೇರೆ ಕಡೆ ತೆಗೆದಿಟ್ಟುಕೊಳ್ಳಿ.

ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಫೈಲ್ ಒತ್ತಿ, ಕಾದು, ಮತ್ತೆ ಒತ್ತಿ, "ಓಪನ್ನೇ ಆಯ್ತಾ ಇಲ್ಲ ಕಣಣ್ಣ, ಇಷ್ಟು ದೊಡ್ಡದ್ಯಾಕೆ ಮಾಡುದ್ರಿ?" ಅಂದ. ನೀವೇ 300 ಕೇಳಿದ್ದಲ್ವಾ ಅಂದೆ. ಅವನು ಮಾಲೀಕರನ್ನು ಕರೆದ. ಅವರ ಕಂಪ್ಯೂಟರ್‌ನಲ್ಲಿ ಇದ್ದದ್ದೂ ಎಂಟು ಜಿಬಿಯೇ. "ನಲವತ್ತು ಅಡಿಗಾ? ಅಯ್ಯೋ, ಇದಕ್ಕೆ 100 ಸಾಕಾಗಿತ್ತು" ಅಂದರು. ಜೊತೆಗೆ, ಬಟ್ಟೆ ರೋಲ್ ಐದು ಅಡಿಗಿಂತ ಸ್ವಲ್ಪವೇ ಜಾಸ್ತಿ ಅಗಲ, ಹೇಗಿದ್ದರೂ ತುಂಡು ಮಾಡಿಯೇ ಪ್ರಿಂಟ್ ಹಾಕಬೇಕು, ಆಮೇಲೆ ಹೊಲಿಸಬೇಕು ಅಂತಲೂ ಹೇಳಿದರು. ಪ್ಲಾಸ್ಟಿಕ್ ಫ್ಲೆಕ್ಸ್ ಅನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ, ಶಾಲೆಯವರು ಬಟ್ಟೆಯೇ ಆಗಬೇಕು ಅಂತ ಮೊದಲೇ ಹೇಳಿದ್ದರು. ಇದೆಲ್ಲ ಅಂಗಡಿಯವರಿಗೆ ಗೊತ್ತಿತ್ತು. ಫೋನ್‌ನಲ್ಲಿ ಎರಡು ಮಾತು ಜಾಸ್ತಿ ಆಡಿದ್ದರೆ! ಕೋಪ ಬಂತು, ಆದರೆ ಜಗಳವಾಡಲು ಸಮಯ ಇರಲಿಲ್ಲ.

ಶಾಲೆಗೆ ಹೋಗಿ ವಿಜ್ಞಾನದ ಮೇಷ್ಟ್ರಿಗೆ ಎಲ್ಲ ಹೇಳಿಕೊಂಡೆ. 100 ಅಂದರೆ ಚಿತ್ರ ಮಸುಕಾಗುತ್ತದೇನೋ ಅನ್ನುವ ಭಯ ನನಗಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮುಂದಿನ ಸಾಲಿನ ಮಕ್ಕಳು ಪರದೆಯಿಂದ ಎಷ್ಟು ದೂರ ಕೂತ್ಕೋತಾರಪ್ಪಾ?" ಹತ್ತು ಅಡಿಯಾದರೂ ಇರುತ್ತದೆ ಮೇಷ್ಟ್ರೇ ಅಂದೆ. ಅವರು ಹಾಳೆಯ ಮೇಲೆ ಬರೆದು ತೋರಿಸಿದರು. ಚೆನ್ನಾಗಿರುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರದಲ್ಲಿರುವ ಚುಕ್ಕಿಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ, ಅದಕ್ಕಿಂತ ಹತ್ತಿರ ಇದ್ದರೆ ಒಂದೇ ಆಗಿ ಕಾಣುತ್ತದೆ. ಅದನ್ನು ಲೆಕ್ಕಕ್ಕೆ ಇಳಿಸಿದರೆ, 3,438ನ್ನು ನೋಡುವ ದೂರದಿಂದ, ಅಂದರೆ ಅಂಗುಲದಲ್ಲಿ ಅಳೆದ ದೂರದಿಂದ, ಭಾಗಿಸಿದರೆ ಎಷ್ಟು ಡಿಪಿಐ ಸಾಕು ಅಂತ ಸಿಗುತ್ತದೆ. ಕೈಯಲ್ಲಿ ಹಿಡಿದು ಒಂದಡಿ ದೂರದಲ್ಲಿ ನೋಡುವ ಪುಸ್ತಕಕ್ಕೆ 286. ಎಲ್ಲರೂ ಹೇಳುವ 300 ಹೆಚ್ಚುಕಮ್ಮಿ ಇದೇ ಲೆಕ್ಕ. ಆರು ಅಡಿಯಿಂದ ನೋಡಿದರೆ 48. ಹತ್ತು ಅಡಿಯಿಂದ ನೋಡಿದರೆ 29 ಸಾಕು.

ಈಗ ಆ 24,000 ನೆನಪಿಸಿಕೊಳ್ಳಿ. 480 ಅಂಗುಲಕ್ಕೆ 24,000 ಪಿಕ್ಸೆಲ್ ಅಂದರೆ ಅಂಗುಲಕ್ಕೆ 50. ಕ್ಯಾಮೆರಾ ಕೊಟ್ಟ ಚಿತ್ರವೇ ಆರು ಅಡಿ ದೂರಕ್ಕೆ ಸಾಕಾಗುವಷ್ಟು ಇತ್ತು! ಅದನ್ನು 300ಕ್ಕೆ ಹಿಗ್ಗಿಸಿದರೆ ಕಟ್ಟೆಯ ಒಂದು ಕಲ್ಲೂ ಹೊಸದಾಗಿ ಕಾಣುವುದಿಲ್ಲ, ಇರುವ ಪಿಕ್ಸೆಲ್‌ಗಳ ನಡುವೆ ಕಂಪ್ಯೂಟರ್ ಊಹೆಯಿಂದ ತುಂಬುತ್ತದೆ ಅಷ್ಟೇ. ಆ ಊಹೆಗಾಗಿ 15 ಜಿಬಿ, ರ್‍ಯಾಮ್, ಎಸ್‌ಎಸ್‌ಡಿ, ರಾತ್ರಿ ನಿದ್ದೆ. ಇದು ತಿಳಿದಾಗ ಮನಸ್ಸಿಗೆ ಎಷ್ಟು ನೋವಾಯಿತೋ ಅಷ್ಟೇ ಹಗುರವೂ ಆಯಿತು.

ಅಲ್ಲಿಂದ ಮುಂದೆ ಬೇಗ ಮುಗಿಯಿತು. ಬಣ್ಣ, ಬೆಳಕು ಎಲ್ಲ ತಿದ್ದುವುದನ್ನು 24,000ದ ಚಿತ್ರದಲ್ಲೇ ಮುಗಿಸಿದೆ. ಈ ಕ್ರಮ ಮುಖ್ಯ. ಕತ್ತರಿಸಿದ ಮೇಲೆ ತಿದ್ದಲು ಹೋದರೆ ಒಂದು ತುಂಡಿನ ಆಕಾಶ ಇನ್ನೊಂದಕ್ಕೆ ಹೊಂದುವುದಿಲ್ಲ. ಆಮೇಲೆ ಐದು ಅಡಿ ಅಗಲದ ಎಂಟು ತುಂಡು, ಒಳಗಿನ ಅಂಚುಗಳಲ್ಲಿ ಹೊಲಿಗೆಗೆ ಅಂತ ಒಂದೊಂದು ಅಂಗುಲ ಪಕ್ಕದ ತುಂಡಿನ ಚಿತ್ರವೇ ಬರುವ ಹಾಗೆ. ಪ್ರತಿ ತುಂಡನ್ನೂ ಅಂಗಡಿಯವರು ಹೇಳಿದ 100 ಡಿಪಿಐಗೆ ಏರಿಸಿ ಸಿಎಂವೈಕೆ ಟಿಫ್ ಮಾಡಿದೆ. ಒಂದೊಂದೂ 300 ಎಂಬಿ ಒಳಗೆ. ಇದಕ್ಕೆ ಹಳೆಯ ಎಂಟು ಜಿಬಿಯೇ ಸಾಕಾಗುತ್ತಿತ್ತು.

ಲಿನಕ್ಸ್‌ನಲ್ಲಿ ಕತ್ತರಿಸುವವರಿಗೆ ಒಂದು ಮಾತು. ನಾನು ಉಬುಂಟುವಿನಲ್ಲಿ ಇಮೇಜ್‌ಮ್ಯಾಜಿಕ್ ಅನ್ನುವ ಚಿತ್ರ ತಿದ್ದುವ ಪ್ರೋಗ್ರಾಂ ಬಳಸಿ ನೋಡಿದೆ. ರ್‍ಯಾಮ್ ಖಾಲಿ ಬಿದ್ದಿದ್ದರೂ ಆಗುವುದಿಲ್ಲ ಅಂತ ಎರರ್ ಬಂತು. ಅದರ ಪಾಲಿಸಿ ಫೈಲ್‌ನಲ್ಲಿ ಮೆಮೊರಿ 256 ಎಂಬಿ, ಅಗಲ 16,000 ಪಿಕ್ಸೆಲ್ ಅಂತ ಮೊದಲೇ ಮಿತಿ ಹಾಕಿರುತ್ತಾರೆ, ಸರ್ವರ್‌ಗಳ ಸುರಕ್ಷತೆಗೆ. ಆ ಮಿತಿ ಏರಿಸಬಹುದು. ನಾನು ಅದರ ಬದಲು ಲಿಬ್‌ವಿಪ್ಸ್ ಹಾಕಿಕೊಂಡೆ. ಅದು ಉಚಿತ, ಸಾಧ್ಯವಾದ ಕಡೆಯೆಲ್ಲ ಇಡೀ ಚಿತ್ರವನ್ನು ಮೆಮೊರಿಗೆ ತರದೆ ಸ್ವಲ್ಪ ಸ್ವಲ್ಪವೇ ಓದಿ ಬರೆದು ಮುಂದೆ ಹೋಗುತ್ತದೆ. ದೊಡ್ಡ ಚಿತ್ರ ಕತ್ತರಿಸಲು, ಹಿಗ್ಗಿಸಲು ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಲಿನಕ್ಸ್‌ನಲ್ಲಿ ಯಾವುದಾದರೂ ಪ್ರೋಗ್ರಾಂ ಸುಮ್ನೆ 'ಕಿಲ್ಡ್' ಅಂತ ಒಂದೇ ಪದ ತೋರಿಸಿ ನಿಂತರೆ, ಬಹುಮಟ್ಟಿಗೆ ಮೆಮೊರಿ ಮುಗಿದು ಸಿಸ್ಟಮ್ಮೇ ಅದನ್ನು ಕೊಂದಿದೆ ಅಂತ ತಿಳಿಯಿರಿ.

ಅಕ್ಷರಗಳನ್ನು ಚಿತ್ರದೊಳಗೆ ಸೇರಿಸಲಿಲ್ಲ. ಅಕ್ಷರದ ಅಂಚು ಚೂಪಾಗಿರಬೇಕು, ಪಿಕ್ಸೆಲ್ ಆಗಿ ಮಾಡಿದರೆ ಮತ್ತೆ ಜಾಸ್ತಿ ಡಿಪಿಐ ಕೇಳುತ್ತದೆ. ರಾಜ್ಯೋತ್ಸವದ ಶುಭಾಶಯವನ್ನು ಬೇರೆ ಪಟ್ಟಿಯಾಗಿ ಕೋರೆಲ್‌ಡ್ರಾದಲ್ಲಿ ಮಾಡಿ ಪಿಡಿಎಫ್ ಕೊಟ್ಟೆ. ಅದು ವೆಕ್ಟರ್, ಅಂದರೆ ಪಿಕ್ಸೆಲ್ ಬದಲು ಗೆರೆಗಳ ಲೆಕ್ಕ, ಆದ್ದರಿಂದ ಫೈಲ್ ಒಂದು ಎಂಬಿಯೂ ಇರಲಿಲ್ಲ. ಎರಡು ವಿಷಯ ಗಮನಿಸಿ. ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಒಂದು ಪುಟ 200 ಅಂಗುಲ ಮೀರುವಂತಿಲ್ಲ, ಹಾಗಾಗಿ ಹತ್ತನೇ ಒಂದು ಅಳತೆಯಲ್ಲಿ ಮಾಡಿ, ಹತ್ತು ಪಟ್ಟು ದೊಡ್ಡದು ಮಾಡಬೇಕು ಅಂತ ಫೈಲ್ ಹೆಸರಲ್ಲೇ ಬರೆಯಿರಿ. ಮತ್ತೆ, ನುಡಿ ಫಾಂಟ್ ಆಗಲಿ ಯೂನಿಕೋಡ್ ಆಗಲಿ, ಕೊಡುವ ಮುಂಚೆ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಬರೀ ಆಕಾರಗಳಿಗೆ, ಬದಲಾಯಿಸಿ. ಇಲ್ಲದಿದ್ದರೆ ಅಂಗಡಿಯ ಕಂಪ್ಯೂಟರ್‌ನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ ಆಗುತ್ತವೆ.

ಪ್ರಿಂಟ್ ಒಂದೇ ಮಧ್ಯಾಹ್ನದಲ್ಲಿ ಆಯಿತು. ಮೊದಲು ಒಂದು ತುಂಡಿನ ಎರಡು ಅಡಿ ಮಾತ್ರ ಪ್ರಿಂಟ್ ಹಾಕಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದೆ. ಇದಕ್ಕೆ ಅಂಗಡಿಯವರು ಕೇಳುವ ದುಡ್ಡು ಕಡಿಮೆ, ನೀವೂ ತಪ್ಪದೆ ಮಾಡಿಸಿ. ತೂಬುಗಳ ಸಾಲು, ಕಲ್ಲಿನ ಗೆರೆ ಎಲ್ಲ ಸ್ಪಷ್ಟವಾಗಿತ್ತು. ಹೊಲಿಗೆಯನ್ನು ಊರಿನ ಟೈಲರ್ ಮಾಡಿಕೊಟ್ಟರು. ಎರಡು ಕಡೆ ಕೂದಲೆಳೆಯಷ್ಟು ಸರಿದಿದೆ, ವೇದಿಕೆ ಮೇಲೆ ಹತ್ತಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಆ ದೊಡ್ಡ ಪಿಎಸ್‌ಬಿ ಫೈಲನ್ನು ಅಳಿಸಿದೆ. ಎಸ್‌ಎಸ್‌ಡಿಯಲ್ಲಿ ಈಗ ಇಟ್ಟುಕೊಂಡಿರುವುದು ಮೂಲ ರಾ ಫೋಟೊಗಳು, ಹುಗಿನ್‌ನ ಪ್ರಾಜೆಕ್ಟ್ ಫೈಲ್, ಜೋಡಿಸಿದ 16 ಬಿಟ್ ಟಿಫ್, ಎಂಟು ತುಂಡು ಮತ್ತು ಅಕ್ಷರದ ಪಿಡಿಎಫ್. ಮುಂದಿನ ವರ್ಷಕ್ಕೆ ಮೇಲುಕೋಟೆಯ ಕಲ್ಯಾಣಿ ಬೇಕು ಅಂತ ಮೇಷ್ಟ್ರು ಈಗಲೇ ಹೇಳಿದ್ದಾರೆ. ಪರದೆಯ ಅಳತೆ, ಮುಂದಿನ ಸಾಲು ಎಷ್ಟು ದೂರ, ಬಟ್ಟೆಯ ರೋಲ್ ಎಷ್ಟು ಅಗಲ, ಇವು ಮೂರನ್ನು ಬರೆದುಕೊಡಿ, ಆಮೇಲೆ ಕ್ಯಾಮೆರಾ ತೆಗೆಯುತ್ತೇನೆ ಅಂದಿದ್ದೇನೆ.